ಪೊಟ್ಯಾಸಿಯಂ 7.1 ಮತ್ತು ರಿಜಿಸ್ಟರಿನ ಎರಡು ಸಮಯಗಳು

ಶಿರಸಿಯ ಆಷಾಢ ಎಂದ ಮೇಲೆ ಬೆಳಗಿನಿಂದ ಕರೆಂಟ್ ಇಲ್ಲದ್ದನ್ನು ಬೇರೆ ಹೇಳಬೇಕಿಲ್ಲ. ಸಿದ್ದಾಪುರದ ಕಡೆಯ ಕಲೆಕ್ಷನ್ ಸೆಂಟರಿನಿಂದ ನಮ್ಮ ಲ್ಯಾಬಿಗೆಂದು ಬಸ್ಸಿಗೆ ಹಾಕಿದ ರಕ್ತದ ಸ್ಯಾಂಪಲ್ ಡಬ್ಬಿ ತಡವಾಗಿಯೇ ಬಂದಿತ್ತು. ರಕ್ತದ ಪೊಟ್ಯಾಸಿಯಂ ಅಳೆಯುವ ಐಎಸ್‌ಇ ಯಂತ್ರವನ್ನು ಯುಪಿಎಸ್ ಮೇಲೆ ಓಡಿಸಿದೆ. 3:40ಕ್ಕೆ ಪರದೆಯ ಮೇಲೆ ಪೊಟ್ಯಾಸಿಯಂ 7.1.

6.5 ದಾಟಿದರೆ ಅಪಾಯ, ಕೂಡಲೇ ಡಾಕ್ಟರಿಗೆ ಫೋನ್ ಮಾಡಬೇಕೆಂದು ನಮ್ಮ ಗೋಡೆಯ ಪಟ್ಟಿಯೇ ಹೇಳುತ್ತದೆ. ಆದರೆ ಮೊದಲು ನನ್ನ ಕೈ ಹೋದದ್ದು ಟ್ಯೂಬಿಗೆ. ಬೆಳಕಿಗೆ ಹಿಡಿದು ನೋಡಿದೆ: ಸೀರಮ್ ತಿಳಿ ಹಳದಿ, ಕೆಂಪಿನ ಸುಳಿವೂ ಇಲ್ಲ. ಹೀಮೊಲೈಸಿಸ್ ಅಲ್ಲ, ಅಂದರೆ ರಕ್ತಕಣ ಒಡೆದು ಅಂಕಿ ಸುಳ್ಳಾಗಿ ಏರಿದ್ದಲ್ಲ. ಆದರೂ ಅನುಮಾನ ಬಿಡಲಿಲ್ಲ. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿ ಸೀರಮ್ ಬೇರ್ಪಡಿಸದೆ ಐಸ್ ಪ್ಯಾಕ್ ಮೇಲಿಟ್ಟ ರಕ್ತದಲ್ಲಿ ಸೀರಮ್ ತಿಳಿಯಾಗಿದ್ದೂ ಪೊಟ್ಯಾಸಿಯಂ ಏರುತ್ತದೆ; ಆ ಸೆಂಟರಿನವರು ಹಾಗೆ ಕಳಿಸುವುದು ಹೊಸದೂ ಅಲ್ಲ. ಯಂತ್ರದ ಅಂಕಿ ಸರಿಯಿದೆಯೇ ಎಂದು ನೋಡುವ ಕ್ಯೂಸಿ ಹಾಕಿದೆ. ಅಷ್ಟರಲ್ಲಿ ಯುಪಿಎಸ್ ಕೂಗಿ ಸುಮ್ಮನಾಯಿತು. ಜನರೇಟರ್ ಏಳಬೇಕು, ಯಂತ್ರ ಮತ್ತೆ ಕ್ಯಾಲಿಬ್ರೇಟ್ ಆಗಬೇಕು. ಸುಳ್ಳು ಪೊಟ್ಯಾಸಿಯಂ ಹೇಳಿ ಡಾಕ್ಟರ ಹತ್ತಿರ ಬೈಸಿಕೊಳ್ಳುವುದಕ್ಕಿಂತ ಕಾಯುವುದು ಮೇಲು ಎಂದುಕೊಂಡು ಅಲ್ಲೇ ನಿಂತಿದ್ದೆ. ಎರಡನೆಯ ಓಟದಲ್ಲಿ 7.0.

ಆಮೇಲೆ ಫೋನಿನ ಪುರಾಣ. ಫಾರ್ಮಿನಲ್ಲಿದ್ದದ್ದು ಕ್ಲಿನಿಕ್ಕಿನ ಲ್ಯಾಂಡ್‌ಲೈನ್, ಮಧ್ಯಾಹ್ನ ಅಲ್ಲಿ ಎತ್ತುವವರಿಲ್ಲ. ರೋಗಿಯ ಮೊಬೈಲ್ ವ್ಯಾಪ್ತಿ ಪ್ರದೇಶದ ಹೊರಗೆ. ಕೊನೆಗೆ ಕ್ಲಿನಿಕ್ಕಿನ ಪಕ್ಕದ ಔಷಧ ಅಂಗಡಿಯವನನ್ನು ಹಿಡಿದು ಡಾಕ್ಟರನ್ನು ಲೈನಿಗೆ ತರಿಸುವಾಗ 4:30. ಅವರು ಬೈಯಲಿಲ್ಲ. ಅಂಕಿಯನ್ನು ತಿರುಗಿ ಹೇಳಿ ಖಚಿತಪಡಿಸಿಕೊಂಡರು, ‘ಮೂತ್ರಪಿಂಡದ ರೋಗಿ’ ಎಂದಷ್ಟೇ ಹೇಳಿ ಫೋನ್ ಇಟ್ಟರು. ಅಂಥವರಲ್ಲಿ ಪೊಟ್ಯಾಸಿಯಂ ನಿಜಕ್ಕೂ ಏರಬಹುದು. ಆ ಒಂದು ಮಾತು ಫಾರ್ಮಿನಲ್ಲಿ ಇದ್ದಿದ್ದರೆ ನಾನು ಟ್ಯೂಬನ್ನು ಬೆಳಕಿಗೆ ಹಿಡಿಯುತ್ತ ಕೂರುತ್ತಿರಲಿಲ್ಲ.

ರೋಗಿಯನ್ನು ಹುಬ್ಬಳ್ಳಿಗೆ ಸಾಗಿಸಿದರು, ಡಯಾಲಿಸಿಸ್ ಆಯಿತು, ಉಳಿದರು. ಕೆಲವು ವಾರಗಳ ನಂತರ ಅವರ ಮಗ ವರದಿ ಹಿಡಿದು ಬಂದ. ಕೂಗಾಡಲಿಲ್ಲ. ಯಂತ್ರದ ಸಮಯ 3:40, ರಿಜಿಸ್ಟರಿನಲ್ಲಿ ಫೋನಿನ ಸಮಯ 4:30. ನಡುವೆ ಏನು ಮಾಡುತ್ತಿದ್ದಿರಿ ಎಂದು ಕೇಳಿದ. ಮರುಪರೀಕ್ಷೆ ಎಂದೆ. ‘ಮರುಪರೀಕ್ಷೆ ನಡೆಯುತ್ತಿದೆ ಎಂದೇ ಫೋನ್ ಮಾಡಬಹುದಿತ್ತಲ್ಲ?’ ಎಂದ. ಉತ್ತರ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ. ಮೊದಲ ಅಂಕಿಯನ್ನೇ ತಾತ್ಕಾಲಿಕ ಎಂದು ಹೇಳಿ ತಿಳಿಸಲು ಯಾವ ನಿಯಮವೂ ಅಡ್ಡ ಬರುವುದಿಲ್ಲ.

ಲ್ಯಾಬಿನ ಮಾಲೀಕರಿಗೆ ಮಾತ್ರ ಚಿಂತೆಯೇ ಇಲ್ಲ. ಎಸ್‌ಎಂಎಸ್ ತಾನಾಗಿಯೇ ಹೋಗಿದೆ, ವರದಿಯ ಅಡಿಯಲ್ಲಿ ‘ನ್ಯಾಯಾಲಯದ ಉದ್ದೇಶಕ್ಕಲ್ಲ’ ಎಂದು ಅಚ್ಚಾಗಿದೆ, ನಮ್ಮ ಜವಾಬ್ದಾರಿ ಮುಗಿಯಿತು ಎನ್ನುತ್ತಾರೆ. ನೆಟ್‌ವರ್ಕ್ ಇಲ್ಲದ ಮೊಬೈಲಿಗೆ ಕಳಿಸಿದ ಎಸ್‌ಎಂಎಸ್! ಪರಿಚಯದ ವಕೀಲರೊಬ್ಬರು ಇದನ್ನು ಕೇಳಿ ನಕ್ಕರು. ಹಣ ಪಡೆದು ಕೊಡುವ ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನೊಳಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ ವಿ.ಪಿ. ಶಾಂತಾ ಪ್ರಕರಣದಲ್ಲಿ 1995ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಗ್ರಾಹಕನಿಗೆ ಹಾನಿ ಮಾಡುವ ನಿರ್ಲಕ್ಷ್ಯವೂ ಸೇವಾ ನ್ಯೂನತೆಯೇ. ತಡದಿಂದಲೇ ಹಾನಿಯಾಯಿತು ಎಂದು ತೋರಿಸುವ ಹೊರೆ ದೂರುದಾರನ ಮೇಲೆ ನಿಜ, ಆದರೆ ಎರಡು ಸಮಯಗಳನ್ನು ನಾವೇ ಬರೆದು ಸಹಿ ಹಾಕಿ ಕೊಟ್ಟಿದ್ದೇವೆ. ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಆ ಮಗನಿಗೆ ಎರಡು ವರ್ಷದ ಅವಧಿ ಇದೆ.

ಈಗ ನಾನು ಫೋನ್ ಮಾಡಿದ ಮೇಲೆಯೇ ಕ್ಯೂಸಿ ಹಾಕುತ್ತೇನೆ. ಎತ್ತದ ಕರೆಗಳ ಸಮಯವನ್ನೂ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಫಾರ್ಮಿನಲ್ಲಿ ಡಾಕ್ಟರ ಮೊಬೈಲಿಗೆ ಒಂದು ಕಾಲಂ, ರೋಗದ ವಿವರಕ್ಕೆ ಒಂದು ಕಾಲಂ ಬೇಕೆಂದು ಕೇಳಿದ್ದೇನೆ. ಹಳೆಯ ಫಾರ್ಮಿನ ಕಟ್ಟುಗಳು ಖರ್ಚಾದ ಮೇಲೆ ನೋಡೋಣ ಎಂದಿದ್ದಾರೆ. ಸ್ಟೋರಿನಲ್ಲಿ ಅವು ಸೂರು ಮುಟ್ಟುವಷ್ಟಿವೆ.