ತಾತನನ್ನು ಹುಡುಕಿಕೊಂಡು ಹೊರಟ ಹುಡುಗ

ಸ್ವೀಡನ್ನಿನ ಮಕ್ಕಳ ಪುಸ್ತಕಗಳಲ್ಲಿ ಆಲ್ಫೋನ್ಸ್ ಅಂತ ಒಬ್ಬ ಪುಟ್ಟ ಹುಡುಗ ಇದ್ದಾನೆ. ಇಲ್ಲಿ ಅವನನ್ನು ಗೊತ್ತಿಲ್ಲದ ಮಗು ಸಿಗುವುದು ಕಷ್ಟ. ಅವನ ಮನೆಯಲ್ಲಿ ಇರುವವರು ಇಬ್ಬರೇ, ಅವನು ಮತ್ತು ಅವನ ಅಪ್ಪ. ಅಮ್ಮ ತೀರಿಕೊಂಡಳೋ, ಬೇರೆ ಊರಲ್ಲಿದ್ದಾಳೋ, ಪುಸ್ತಕದಲ್ಲಿ ಒಂದು ಮಾತೂ ಇಲ್ಲ. ಮೊದಲ ಪುಸ್ತಕ ಬಂದದ್ದು 1972ರಲ್ಲಿ. ಬರೆದು ಚಿತ್ರವನ್ನೂ ಬಿಡಿಸಿದವರು ಗುನಿಲ್ಲಾ ಬರ್ಗ್‌ಸ್ಟ್ರಾಮ್. ನಾವು ಈಗ ಇರುವ ಗೋಥೆನ್‌ಬರ್ಗ್ ಊರಿನಲ್ಲೇ ಹುಟ್ಟಿದವರು.

ಆ ಮೊದಲ ಪುಸ್ತಕದ ಕಥೆ ಎಲ್ಲ ಮನೆಯ ಕಥೆ. ಆಲ್ಫೋನ್ಸ್‌ಗೆ ಮಲಗಲು ಇಷ್ಟವಿಲ್ಲ. ನೀರು ಬೇಕು ಅನ್ನುತ್ತಾನೆ. ಆಮೇಲೆ ಉಚ್ಚೆ ಬಂತು ಅನ್ನುತ್ತಾನೆ. ಬೀರುವಿನಲ್ಲಿ ಸಿಂಹ ಇದೆ ಅನ್ನುತ್ತಾನೆ. ಆಟದ ಕರಡಿ ಬೇಕು ಅನ್ನುತ್ತಾನೆ. ಅಪ್ಪ ಒಂದೊಂದಕ್ಕೂ ಎದ್ದು ಬರುತ್ತಾನೆ. ಕೊನೆಗೆ ಎಷ್ಟು ಕರೆದರೂ ಅಪ್ಪನ ಸದ್ದಿಲ್ಲ. ಹುಡುಗ ಎದ್ದು ಹೋಗಿ ನೋಡಿದರೆ ಅಪ್ಪ ನೆಲದ ಮೇಲೇ ನಿದ್ದೆ ಹೋಗಿದ್ದಾನೆ. ಹುಡುಗ ಅಪ್ಪನಿಗೆ ಹೊದಿಕೆ ಹೊದಿಸಿ ತಾನೂ ಹೋಗಿ ಮಲಗುತ್ತಾನೆ. ಸ್ವೀಡನ್ನಿನಲ್ಲಿ ಮಗು ನೋಡಿಕೊಳ್ಳಲು ಅಪ್ಪಂದಿರಿಗೂ ರಜೆ ಕೊಡುವ ಕಾನೂನು ಬಂದದ್ದು 1974ರಲ್ಲಿ. ಈ ಅಪ್ಪ ಅದಕ್ಕೂ ಎರಡು ವರ್ಷ ಮೊದಲೇ ಪುಸ್ತಕದಲ್ಲಿ ಒಬ್ಬನೇ ಮಗು ಮಲಗಿಸುತ್ತಿದ್ದ.

ಇದನ್ನು ನಾನು ಮಗಳಿಗೆ ಕನ್ನಡದಲ್ಲಿ ಹೇಳುತ್ತಾ ಓದುವಾಗ ತಿಪಟೂರಿನಿಂದ ನನ್ನ ಅಮ್ಮ ವಿಡಿಯೋ ಕಾಲಿನಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಅವರಿಗೆ ತಡೆಯಲು ಆಗಲಿಲ್ಲ. "ಅಯ್ಯೋ, ಈ ಮಗೂನ ತಾಯಿ ಎಲ್ಲಿಗೆ ಹೋದ್ಲು?" ಅಂದರು. ಮಗಳು ಆರಾಮಾಗಿ, "ಅವಳು ಈ ಪುಸ್ತಕದಲ್ಲಿ ಇಲ್ಲ ಅಜ್ಜಿ" ಅಂದಳು. ಅಜ್ಜಿಗೆ ಸಮಾಧಾನ ಆಗಲಿಲ್ಲ. ನನಗೆ ಇಬ್ಬರ ಮಾತೂ ಅರ್ಥವಾಯಿತು. ನಮ್ಮ ಬಾಲ್ಯದ ಪಾಠಪುಸ್ತಕದ ಮನೆಯಲ್ಲಿ ಅಪ್ಪ, ಅಮ್ಮ, ಅಣ್ಣ, ತಂಗಿ, ಅಜ್ಜಿ, ತಾತ ಎಲ್ಲರೂ ಒಂದೇ ಚಿತ್ರದಲ್ಲಿ ಕೂತಿರುತ್ತಿದ್ದರು. ಹೊರದೇಶದಲ್ಲಿ ಬೆಳೆಯುವ ಮಗುವಿಗೆ ಆ ಚಿತ್ರ ಚೆನ್ನಾಗಿ ಕಾಣುತ್ತದೆ, ಆದರೆ ಅದು ತನ್ನ ಮನೆ ಅನ್ನಿಸುವುದಿಲ್ಲ. ಯಾರೋ ಒಬ್ಬರು ಸದಾ ಇಲ್ಲದಿರುವ ಮನೆಯೇ ಅವಳಿಗೆ ಗೊತ್ತು. ಅಂಥ ಮನೆಯನ್ನು ಹೆದರಿಸದೆ, ಮುಚ್ಚಿಡದೆ ತೋರಿಸುವ ಪುಸ್ತಕಗಳು ಇಲ್ಲಿ ನನಗೆ ಒಂದಾದ ಮೇಲೊಂದು ಸಿಕ್ಕವು. ಎಲ್ಲವೂ ಲೈಬ್ರರಿಯಿಂದ. ಇಲ್ಲಿ ಪ್ರತಿ ಮುನ್ಸಿಪಾಲಿಟಿಯೂ ಸಾರ್ವಜನಿಕ ಲೈಬ್ರರಿ ನಡೆಸಲೇಬೇಕು, ಪುಸ್ತಕವನ್ನು ದುಡ್ಡಿಲ್ಲದೆ ಕೊಡಲೇಬೇಕು ಅಂತ ಕಾನೂನೇ ಇದೆ.

ಅವುಗಳಲ್ಲಿ ನನ್ನ ಮನಸ್ಸಿಗೆ ತುಂಬಾ ಹತ್ತಿರವಾದದ್ದು ಉಲ್ಫ್ ಸ್ಟಾರ್ಕ್ 1992ರಲ್ಲಿ ಬರೆದ ಒಂದು ಪುಟ್ಟ ಕಥೆ. ಇಬ್ಬರು ಗೆಳೆಯರು. ಒಬ್ಬನಿಗೆ ತಾತ ಇದ್ದಾರೆ. ಇನ್ನೊಬ್ಬ ಬೆರ್ರಾ, ಅವನಿಗೆ ಇಲ್ಲ. ತಾತ ಅಂದರೆ ಏನು ಮಾಡುತ್ತಾರೆ ಅಂತ ಕೇಳಿ ಕೇಳಿ ಅವನಿಗೂ ಒಬ್ಬ ತಾತ ಬೇಕು ಅನ್ನಿಸುತ್ತದೆ. ಎಲ್ಲಿ ಸಿಗುತ್ತಾರೆ? ವೃದ್ಧಾಶ್ರಮದಲ್ಲಿ ಬೇಕಾದಷ್ಟು ಇದ್ದಾರಲ್ಲ! ಇಬ್ಬರೂ ಅಲ್ಲಿಗೆ ಹೋಗಿ ನಿಲ್ಸ್ ಎಂಬ ಮುದುಕರ ಕೋಣೆಗೆ ನುಗ್ಗುತ್ತಾರೆ. ಬೆರ್ರಾ ತಾನು ಅವರ ಮೊಮ್ಮಗ ಅನ್ನುತ್ತಾನೆ. ಆ ಮುದುಕರೂ ಹೌದೆಂದೇ ಒಪ್ಪಿಕೊಳ್ಳುತ್ತಾರೆ. ಕಾಫಿ ಕುಡಿಯುತ್ತಾರೆ. ತೀರಿಕೊಂಡ ಹೆಂಡತಿಯ ರೇಷ್ಮೆ ಸ್ಕಾರ್ಫ್‌ನಿಂದ ಹುಡುಗರಿಗೆ ಗಾಳಿಪಟ ಮಾಡಿಕೊಡುತ್ತಾರೆ. ಒಂದು ಹಾಡನ್ನು ಸಿಳ್ಳೆಯಲ್ಲಿ ನುಡಿಸುವುದನ್ನು ಹೇಳಿಕೊಡುತ್ತಾರೆ. ಬೆರ್ರಾಗೆ ಅದು ಬರುವುದೇ ಇಲ್ಲ. ಅವನು ಪಟ್ಟು ಹಿಡಿದು ಕಲಿಯುವ ಹೊತ್ತಿಗೆ ತಾತ ತೀರಿಕೊಂಡಿದ್ದಾರೆ. ಅಂತ್ಯಕ್ರಿಯೆಯಲ್ಲಿ ಅವನು ಆ ಹಾಡನ್ನು ಸಿಳ್ಳೆ ಹಾಕುತ್ತಾನೆ. ಆಮೇಲೆ ಇಬ್ಬರೂ ಹೋಗಿ ಗಾಳಿಪಟ ಹಾರಿಸುತ್ತಾರೆ.

ಇದು ಮಕ್ಕಳ ಪುಸ್ತಕ. ಸಾವನ್ನು ಇಷ್ಟು ನೇರವಾಗಿ ಹೇಳುವುದು ಸರಿಯೇ ಅಂತ ನೀವು ಕೇಳಬಹುದು. ಸರಿ ಅಂತಲೇ ನನ್ನ ಅಭಿಪ್ರಾಯ. ನಮ್ಮ ಮನೆಯಲ್ಲಿ ತಾತ ತೀರಿಕೊಂಡ ಸುದ್ದಿ ಬಂದದ್ದು ಫೋನಿನಲ್ಲಿ, ಬೆಳಗಿನ ಜಾವ. ಮಗಳಿಗೆ ಅವರ ಮುಖ ನೋಡಲು ಆಗಲಿಲ್ಲ, ನೆರೆದ ನೆಂಟರನ್ನು ನೋಡಲಿಲ್ಲ, ಹನ್ನೊಂದರ ಊಟಕ್ಕೂ ಅವಳು ಇರಲಿಲ್ಲ. ಊರಿನ ಮಕ್ಕಳು ಇವನ್ನೆಲ್ಲ ನೋಡಿ ನಿಧಾನವಾಗಿ ತಿಳಿದುಕೊಳ್ಳುತ್ತಾರೆ. ಇವಳಿಗೆ ಆ ದಾರಿ ಇರಲಿಲ್ಲ. ಆಗ ಕೈಗೆ ಸಿಕ್ಕಿದ್ದು ಈ ಕಥೆ. ಅವಳು ಪ್ರಶ್ನೆಗಳನ್ನೆಲ್ಲ ಬೆರ್ರಾನ ತಾತನ ಬಗ್ಗೆ ಕೇಳಿದಳು. ನಾನು ಉತ್ತರವನ್ನೆಲ್ಲ ನನ್ನ ಅಪ್ಪನನ್ನು ನೆನೆದು ಕೊಟ್ಟೆ. ಇಬ್ಬರಿಗೂ ಅಳು ಬಂತು, ಮನಸ್ಸು ಹಗುರಾಯಿತು. ಈ ಕಥೆಯ ಸಿನಿಮಾವನ್ನು ಇಲ್ಲಿ ಕ್ರಿಸ್‌ಮಸ್‌ನ ಹಿಂದಿನ ದಿನ ಟಿವಿಯಲ್ಲಿ ಹಾಕುತ್ತಾರೆ. ಹಬ್ಬದ ದಿನ, ದೊಡ್ಡವರು ಮಕ್ಕಳು ಒಟ್ಟಿಗೆ ಕೂತು ನೋಡುತ್ತಾರೆ.

ಸ್ವೀಡನ್ ಅಂದಮೇಲೆ ಆಸ್ಟ್ರಿಡ್ ಲಿಂಡ್‌ಗ್ರೆನ್ ಹೆಸರು ಬಿಡಲಾಗದು. ಅವರ ಕಥೆಯ ಹುಡುಗಿ ಪಿಪ್ಪಿಯನ್ನು ಎಲ್ಲರೂ ಬಲ್ಲರು. ನನಗೆ ಜಾಸ್ತಿ ಇಷ್ಟ ಎಮಿಲ್. 1963ರಿಂದ ಬಂದ ಪುಸ್ತಕಗಳು ಅವು. ಸ್ಮೋಲಂಡ್ ಸೀಮೆಯ ರೈತರ ಮನೆಯ ತುಂಟ ಹುಡುಗ, ಸೂಪಿನ ಪಾತ್ರೆಯಲ್ಲಿ ತಲೆ ಸಿಕ್ಕಿಸಿಕೊಂಡವನು. ಅಪ್ಪ ಕಿರುಚುತ್ತಾ ಅಟ್ಟಿಸಿಕೊಂಡು ಬರುತ್ತಾನೆ, ಹುಡುಗ ಮರಗೆಲಸದ ಕೊಟ್ಟಿಗೆ ಸೇರುತ್ತಾನೆ. ಊರವರು ಇವನ ಕಾಟ ತಾಳಲಾರದೆ ಅಮೆರಿಕಕ್ಕೆ ಕಳಿಸಿಬಿಡಿ ಅಂತ ಹಣ ಕೂಡಿಸಿ ತಂದಾಗ ಅಮ್ಮನಿಗೆ ಬರುವ ಸಿಟ್ಟು ನೋಡಬೇಕು! ಅವನ ಆತ್ಮೀಯ ಮಾತ್ರ ಮನೆಯ ಆಳು ಆಲ್ಫ್ರೆಡ್. ಆಲ್ಫ್ರೆಡ್‌ಗೆ ಕೈಗೆ ಗಾಯವಾಗಿ ನಂಜೇರಿದಾಗ ಆ ಪುಟ್ಟ ಹುಡುಗ ಹಿಮದ ಬಿರುಗಾಳಿಯಲ್ಲಿ ಕುದುರೆ ಕಟ್ಟಿಕೊಂಡು ಅವನನ್ನು ಡಾಕ್ಟರ ಹತ್ತಿರ ಒಯ್ಯುತ್ತಾನೆ. ರಕ್ತಸಂಬಂಧ ಇಲ್ಲ, ಅಂತಸ್ತೂ ಒಂದಲ್ಲ. ಮಕ್ಕಳಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇದೇ ಲಿಂಡ್‌ಗ್ರೆನ್ 1978ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಪ್ರಶಸ್ತಿ ಪಡೆಯುವಾಗ, ಮಕ್ಕಳನ್ನು ಹೊಡೆಯಬೇಡಿ ಅಂತ ಮಾತಾಡಿದರು. ಮಾರನೇ ವರ್ಷ, 1979ರಲ್ಲಿ, ಮಕ್ಕಳಿಗೆ ಹೊಡೆಯುವುದನ್ನು ಕಾನೂನಿನಿಂದ ನಿಷೇಧಿಸಿದ ಮೊದಲ ದೇಶ ಸ್ವೀಡನ್ ಆಯಿತು.

ದೊಡ್ಡವರಿಗೆ ಅಂತ ಒಂದೇ ಹೇಳು ಅಂದರೆ ನಾನು ಟೂವೆ ಯಾನ್ಸನ್ ಅವರ 'ಬೇಸಿಗೆಯ ಪುಸ್ತಕ'ದ ಹೆಸರು ಹೇಳುತ್ತೇನೆ. ಅವರು ಫಿನ್‌ಲೆಂಡಿನವರು, ಬರೆದದ್ದು ಸ್ವೀಡಿಷ್‌ನಲ್ಲಿ. ಇದೂ 1972ರ ಪುಸ್ತಕವೇ. ಫಿನ್‌ಲೆಂಡ್ ಕೊಲ್ಲಿಯ ಒಂದು ಪುಟ್ಟ ದ್ವೀಪ, ಒಬ್ಬ ಅಜ್ಜಿ, ಮೊಮ್ಮಗಳು ಸೋಫಿಯಾ. ಅಪ್ಪ ಇದ್ದಾನೆ, ಆದರೆ ತನ್ನ ಕೆಲಸದಲ್ಲಿ ಮುಳುಗಿರುತ್ತಾನೆ. ಹುಡುಗಿಯ ತಾಯಿ ಸತ್ತಿದ್ದಾಳೆ ಅನ್ನುವುದು ಎಲ್ಲೋ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಮತ್ತೆ ಅದರ ಮಾತಿಲ್ಲ. ಅಜ್ಜಿ ಕದ್ದು ಸಿಗರೇಟ್ ಸೇದುತ್ತಾಳೆ, ಸುಳ್ಳು ಹೇಳುತ್ತಾಳೆ, ಮೊಮ್ಮಗಳ ಜೊತೆ ಸರಿಸಮ ಜಗಳ ಆಡುತ್ತಾಳೆ. ಬುದ್ಧಿವಾದ ಹೇಳುವ ಅಜ್ಜಿಯರನ್ನು ಓದಿ ಬೆಳೆದ ನನಗೆ ಈ ಅಜ್ಜಿ ತುಂಬಾ ನಿಜ ಅನ್ನಿಸಿದಳು. ಯಾನ್ಸನ್ ತಮ್ಮ ತಾಯಿಯನ್ನು ಕಳೆದುಕೊಂಡದ್ದು 1970ರಲ್ಲಿ. ಅಜ್ಜಿಯ ಪಾತ್ರದಲ್ಲಿ ಇರುವುದು ಆ ತಾಯಿಯೇ.

ಇವನ್ನೆಲ್ಲ ಓದಿದ ಮೇಲೆ ನಾನು ಭೈರಪ್ಪನವರ 'ಗೃಹಭಂಗ'ವನ್ನು ಮತ್ತೆ ತೆಗೆದೆ. 1970ರ ಕಾದಂಬರಿ. ನಮ್ಮ ಸೀಮೆಯ ಮಾತು, ನಮ್ಮ ಸೀಮೆಯ ಪ್ಲೇಗು. ಕಾಲೇಜಿನಲ್ಲಿ ಓದಿದಾಗ ಅತ್ತೆ ಗಂಗಮ್ಮನ ಬೈಗುಳ, ಸೊಸೆ ನಂಜಮ್ಮನ ಪಾಡು ಇವೇ ಕಣ್ಣಿಗೆ ಬಿದ್ದಿದ್ದವು. ಈ ಸಲ ಎದ್ದು ಕಂಡವರು ಮಾದೇವಯ್ಯನವರು. ಭಿಕ್ಷೆ ಬೇಡಿ ಬದುಕುವ ಅಯ್ಯನವರು, ಆ ಮನೆಗೆ ಏನೂ ಆಗಬೇಕಾದವರಲ್ಲ. ಗಂಡ, ಅತ್ತೆ, ಮೈದುನ ಎಲ್ಲರೂ ಇದ್ದೂ ಇಲ್ಲದಂತಿದ್ದ ಕಡೆ, ಕಷ್ಟಕ್ಕೆ ಆದವರು ಅವರು. ಕೊನೆಗೆ ತಬ್ಬಲಿಯಾದ ನಂಜಮ್ಮನ ಮಗ ವಿಶ್ವನನ್ನು ಕರೆದುಕೊಂಡು ಊರು ಬಿಡುವವರೂ ಅವರೇ. ನಮ್ಮಲ್ಲಿ ಇಂಥ ಕಥೆ ಇದೆ, ಆದರೆ ದೊಡ್ಡವರಿಗೆ ಮಾತ್ರ ಇದೆ. ಏಳೆಂಟು ವರ್ಷದ ಮಗುವಿಗೂ ಒಬ್ಬ ಮಾದೇವಯ್ಯ ಸಿಗುವ ಪುಸ್ತಕವನ್ನು ಕನ್ನಡದಲ್ಲಿ ಯಾರಾದರೂ ಬರೆಯಲಿ ಅಂತ ನನಗೆ ತುಂಬಾ ಆಸೆ.

ಮೊಮ್ಮಕ್ಕಳು ಹೊರದೇಶದಲ್ಲಿರುವ ಅಜ್ಜಿ ತಾತಂದಿರಿಗೆ ಒಂದು ಮಾತು. ವಿಡಿಯೋ ಕಾಲಿನಲ್ಲಿ "ಊಟ ಆಯ್ತಾ, ಸ್ಕೂಲಿಗೆ ಹೋದ್ಯಾ" ಮುಗಿದ ಮೇಲೆ ಮಾತು ನಿಂತುಬಿಡುತ್ತದೆ, ಅಲ್ವಾ? ನಾವು ಒಂದೇ ಕನ್ನಡ ಕಥೆಪುಸ್ತಕದ ಎರಡು ಪ್ರತಿ ಕೊಂಡೆವು. ಒಂದು ತಿಪಟೂರಿನಲ್ಲಿದೆ, ಇನ್ನೊಂದು ಇಲ್ಲಿದೆ. ಭಾನುವಾರ ಇಲ್ಲಿ ಬೆಳಗ್ಗೆ ಹತ್ತಾದಾಗ ಅಲ್ಲಿ ಬೇಸಿಗೆಯಲ್ಲಾದರೆ ಒಂದೂವರೆ, ಚಳಿಗಾಲದಲ್ಲಾದರೆ ಎರಡೂವರೆ. ಅಮ್ಮ ಊಟ ಮುಗಿಸಿ ಕನ್ನಡಕ ಹಾಕಿಕೊಂಡು ಕೂರುತ್ತಾರೆ. ಒಂದು ಪುಟ ಅವರು ಓದುತ್ತಾರೆ, ಮುಂದಿನ ಪುಟ ಮಗಳು ಓದುತ್ತಾಳೆ. ಅವಳು ಒತ್ತಕ್ಷರದಲ್ಲಿ ಎಡವಿದರೆ ಅಮ್ಮ ತಿದ್ದುತ್ತಾರೆ. ಅಮ್ಮ ಸಾಲು ಹಾರಿಸಿದರೆ ಅವಳು ಬಿಡುವುದಿಲ್ಲ, ಮತ್ತೆ ಓದಿಸುತ್ತಾಳೆ.