ಇಳಿಯದೆ ನಿಲ್ಲುವುದನ್ನು ಕಲಿತ ದಿನ

ಬೆಳಿಗ್ಗೆ ಆರೂವರೆಗೆ ಗದಗಿನಲ್ಲಿ ಬಸ್ ಹತ್ತಿದೆ. ಅಣ್ಣಿಗೇರಿ ದಾಟುವಾಗ ಎರಿ ಹೊಲಗಳಲ್ಲಿ ಹೆಸರು ಬಿತ್ತುತ್ತಿದ್ದರು. ಹುಬ್ಬಳ್ಳಿಯಲ್ಲಿ ನೀರು ಮತ್ತು ಒಳಚರಂಡಿ ಕೆಲಸದವರಿಗೆ ಒಂದು ದಿನದ ತರಬೇತಿ ಇತ್ತು. ಏನಾದರೂ ಅನಾಹುತವಾದರೆ ಮೊದಲು ಏನು ಮಾಡಬೇಕು ಅನ್ನುವುದೇ ವಿಷಯ.

ನಾನು ವೆಟ್‌ವೆಲ್ ಪಂಪ್ ಆಪರೇಟರ್. ವೆಟ್‌ವೆಲ್ ಅಂದರೆ ಊರಿನ ಒಳಚರಂಡಿ ನೀರೆಲ್ಲ ಬಂದು ಬೀಳುವ ಬಾವಿ. ಅಲ್ಲಿಂದ ಪಂಪ್ ಹಚ್ಚಿ ಶುದ್ಧೀಕರಣ ಘಟಕಕ್ಕೆ ಕಳಿಸುತ್ತೇವೆ. 14 ವರ್ಷದಿಂದ ಇದೇ ಕೆಲಸ. ಹಾವೇರಿ ಕಡೆಯ ವಾಲ್ವ್‌ಮನ್‌ಗಳು, ಧಾರವಾಡದ ಕಡೆಯ ಫಿಲ್ಟರ್ ಹೌಸಿನವರು, ನನ್ನಂಥವರು, ಎಲ್ಲ ಸೇರಿ ನಲವತ್ತು ಮಂದಿ ಇದ್ದೆವು. ಕಲಿಸಲು ಬಂದವರು ಅಗ್ನಿಶಾಮಕ ದಳದಿಂದ ನಿವೃತ್ತರಾದ ಒಬ್ಬ ಸಾಹೇಬರು.

ಬೆಳಗಿನ ಪಾಠ ಕ್ಲೋರಿನ್ ಬಗ್ಗೆ. ನಮಗೆ ತುಂಗಭದ್ರೆ, ಧಾರವಾಡದವರಿಗೆ ಮಲಪ್ರಭೆ. ಹೊಳೆ ಯಾವುದಾದರೇನು, ಮನೆಗೆ ಹೋಗುವ ಮುಂಚೆ ನೀರಿಗೆ ಕ್ಲೋರಿನ್ ಬೀಳಲೇಬೇಕು. ಟನ್ನರ್ ಅಂದರೆ ಕ್ಲೋರಿನ್ ತುಂಬಿಡುವ ದೊಡ್ಡ ಸಿಲಿಂಡರ್. ಒಂದು ಟನ್ನರ್‌ನಲ್ಲಿ ಸುಮಾರು 900 ಕಿಲೋ ಇರುತ್ತದೆ. ಈ ಗ್ಯಾಸು ಗಾಳಿಗಿಂತ ಎರಡೂವರೆ ಪಟ್ಟು ಭಾರ. ಲೀಕ್ ಆದರೆ ಮೇಲಕ್ಕೆ ಹೋಗುವುದಿಲ್ಲ, ನೆಲ ಹಿಡಿದು ತಗ್ಗಿಗೆ ಹರಿಯುತ್ತದೆ. ಹೆದರಿದ ಮನುಷ್ಯ ಓಡುವುದೂ ಇಳಿಜಾರಿನ ಕಡೆಗೇ ಅಲ್ವಾ? ಸಾಹೇಬರು ಬಗ್ಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಮೆಲ್ಲಗೆ ಉದುರಿಸಿದರು. ಧೂಳು ಪೂರ್ವಕ್ಕೆ ಹೋಯಿತು. "ಕಣದಾಗ ರಾಶಿ ತೂರಿದವ್ರಿಗೆ ಗಾಳಿ ಗೊತ್ತಿರ್ತೈತಿ. ಗಾಳಿ ಎತ್ಲಿಂದ ಬರ್ತೈತಿ, ಅತ್ಲಾಗ ಹೋಗ್ರಿ. ದಿನ್ನಿ ಇದ್ರ ಏರ್ರಿ" ಅಂದರು. ಅಷ್ಟೇ ಮಾತು, ಆದರೆ ಎಲ್ಲರ ತಲೆಯಲ್ಲಿ ಕೂತಿತು.

ಆಮೇಲೆ ಒಂದು ಕೋಲಿಗೆ ಬಟ್ಟೆ ಸುತ್ತಿ, ಅಮೋನಿಯಾದಲ್ಲಿ ಅದ್ದಿ, ಟನ್ನರ್‌ನ ವಾಲ್ವ್ ಹತ್ತಿರ ಹಿಡಿದು ತೋರಿಸಿದರು. ಲೀಕ್ ಇದ್ದರೆ ಅಲ್ಲಿ ಬಿಳಿ ಹೊಗೆ ಏಳುತ್ತದೆ. ಅದು ಖಾಲಿ ಟನ್ನರ್, ಏನೂ ಏಳಲಿಲ್ಲ. ಲೀಕ್ ಆದ ಕಡೆ ನೀರು ಮಾತ್ರ ಹೊಯ್ಯಬಾರದಂತೆ. ನೀರು ಕೂಡಿದರೆ ಆಮ್ಲವಾಗಿ ಕಬ್ಬಿಣವನ್ನೇ ತಿನ್ನುತ್ತದೆ, ತೂತು ದೊಡ್ಡದಾಗುತ್ತದೆ. ನಮ್ಮಲ್ಲಿ ಅರ್ಧ ಮಂದಿ ಮೊದಲು ಪೈಪ್ ಹಿಡಿದು ಓಡುವವರೇ ಇದ್ದೆವು.

ನಲ್ಲಿಯಲ್ಲಿ ಗಟಾರದ ವಾಸನೆ ಬಂದರೆ ಏನು ಮಾಡಬೇಕು ಅನ್ನುವುದೂ ಬಂತು. ನಮ್ಮ ಕಡೆ ನೀರು ದಿನಾ ಬಿಡುವುದಿಲ್ಲ. ಪೈಪು ಖಾಲಿ ಬಿದ್ದಾಗ ಬಿರುಕಿನಿಂದ ಅಕ್ಕಪಕ್ಕದ ಹೊಲಸು ಒಳಗೆ ನುಗ್ಗುತ್ತದೆ. ಮೊದಲು ವಾಲ್ವ್ ಮುಚ್ಚಿ, ಮನೆಮನೆಗೆ ಕುಡಿಯಬೇಡಿ ಅಂತ ಹೇಳಿ, ಆಮೇಲೆ ಪೈಪು ಅಗೆಯಿರಿ ಅಂದರು. ನಾವು ಅಗೆಯುವುದರಿಂದಲೇ ಶುರು ಮಾಡುತ್ತೇವೆ.

ಊಟವಾದ ಮೇಲೆ ಬಯಲಿಗೆ ಕರೆದುಕೊಂಡು ಹೋದರು. ಬಳಕೆಯಲ್ಲಿಲ್ಲದ ಒಂದು ಮ್ಯಾನ್‌ಹೋಲ್. ಮೇಲೆ ಮೂರು ಕಾಲಿನ ಸ್ಟ್ಯಾಂಡ್, ಅದಕ್ಕೆ ರಾಟೆ, ಹಗ್ಗ, ಬೆಲ್ಟು. ಪಕ್ಕದಲ್ಲಿ ಒಳಗೆ ಹೊಸ ಗಾಳಿ ಊದುವ ಬ್ಲೋವರ್. ಕೈಯಲ್ಲಿ ಹಿಡಿಯುವಷ್ಟು ಗ್ಯಾಸ್ ಮೀಟರನ್ನು ದಾರಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಅಂತ ಮೂರು ಕಡೆ ನಿಲ್ಲಿಸಿ ನಿಲ್ಲಿಸಿ ಇಳಿಸಿದರು. ನಾವು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕ 20.9 ಶೇಕಡಾ ಇರುತ್ತದೆ. 19.5ಕ್ಕಿಂತ ಕೆಳಗೆ ಬಂದರೆ ಆ ಗುಂಡಿ ಮನುಷ್ಯರದ್ದಲ್ಲ.

ಚರಂಡಿಯ ಹೊಲಸು ಕೊಳೆತು ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಗ್ಯಾಸಿನ ಬಗ್ಗೆ ಅವರು ಹೇಳಿದ್ದು ಕೇಳಿ ನನ್ನ ಕೈ ತಣ್ಣಗಾಯಿತು. ಕೊಳೆತ ತತ್ತಿಯ ವಾಸನೆ ನಮಗೆಲ್ಲ ಗೊತ್ತು. ಆದರೆ 100 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ನೂರು ಪಾಲು) ಆಸುಪಾಸಿಗೆ ಹೋದರೆ ಮೂಗು ಸತ್ತೇ ಹೋಗುತ್ತದೆ. ವಾಸನೆ ಬರುವುದಿಲ್ಲ. ವಾಸನೆ ಹೋಯಿತು, ಗಾಳಿ ಚಲೋ ಆಯಿತು ಅಂತ ನಾವು ತಿಳಿಯುತ್ತೇವೆ. 700 ದಾಟಿದರೆ ಒಂದೆರಡು ಉಸಿರಿಗೇ ಮನುಷ್ಯ ಬೀಳುತ್ತಾನೆ. ಕೂಗಲೂ ಆಗುವುದಿಲ್ಲ. ಮುಖಕ್ಕೆ ಟವೆಲ್ ಕಟ್ಟಿದರೂ ಏನೂ ಉಪಯೋಗವಿಲ್ಲ. ಇನ್ನೂ ಒಂದು ಮಾತು. ಮೀಟರ್ ಮೊದಲು ಸರಿಯಾಗಿಯೇ ತೋರಿಸಬಹುದು. ಕೆಳಗಿನ ಕೆಸರಲ್ಲಿ ಗ್ಯಾಸು ಸಿಕ್ಕಿಕೊಂಡಿರುತ್ತದೆ. ಕಾಲಿಟ್ಟು ಕಲಕಿದ ಕೂಡಲೇ ಮೇಲೇಳುತ್ತದೆ. ಅದಕ್ಕೇ ಇಳಿದವನ ಮೈಮೇಲೂ ಮೀಟರ್ ಇರಬೇಕು.

ಅಷ್ಟರಲ್ಲಿ ಮರಳು ತುಂಬಿದ ಒಂದು ಗೋಣಿಚೀಲ ದಪ್ಪೆಂದು ಒಳಗೆ ಬಿತ್ತು. "ಬಿದ್ದಾ! ನಿಮ್ಮವ ಬಿದ್ದಾ!" ಅಂತ ಸಾಹೇಬರು ಚೀರಿದರು. ನನಗೆ ಮುಂದೆ ಗೊತ್ತಾದದ್ದು, ನನ್ನ ಬಲಗಾಲು ಮ್ಯಾನ್‌ಹೋಲಿನ ಅಂಚಿನ ಒಳಗಿತ್ತು. ಸಾಹೇಬರು ನನ್ನ ರಟ್ಟೆ ಹಿಡಿದಿದ್ದರು.

"ತಮ್ಮಾ, ಈಗ ನೀನೂ ಸತ್ತಿ" ಅಂದರು. ಬೈಯಲಿಲ್ಲ. ಮನೆಯ ಹಿರಿಯರು ಹೇಳುವ ಹಾಗೆ ಹೇಳಿದರು.

ಆಗ ನಾನು ಯಾರಿಗೂ ಪೂರ್ತಿ ಹೇಳದ ಒಂದು ಸಂಗತಿಯನ್ನು ಅಲ್ಲೇ ಎಲ್ಲರೆದುರು ಹೇಳಿದೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಗುತ್ತಿಗೆದಾರರ ಕೈಕೆಳಗಿದ್ದೆ. ಬಾವಿಯ ಜಾಳಿಗೆಗೆ ಪ್ಲಾಸ್ಟಿಕ್ ಕಟ್ಟಿಕೊಂಡು ಪಂಪ್ ನಿಂತಿತ್ತು. ಹಗ್ಗ ಇಲ್ಲ, ಮೀಟರ್ ಇಲ್ಲ, ಜಲ್ದಿ ಮಾಡ್ರಿ ಅನ್ನುವ ಫೋನ್ ಮಾತ್ರ ಇತ್ತು. ನನ್ನ ಜೊತೆಗಿದ್ದವನು ಇಳಿದ. ಐದನೇ ಮೆಟ್ಟಿಲಿಗೆ ಅವನ ಕೈ ಸಡಿಲಾಗಿದ್ದು ಕಂಡಿತು. ಉಸಿರು ಬಿಗಿಹಿಡಿದು ಇಳಿದೆ, ಅಂಗಿಯ ಕಾಲರ್ ಹಿಡಿದೆ, ಮೇಲಿದ್ದವರು ನಮ್ಮಿಬ್ಬರನ್ನೂ ಎಳೆದರು. ಅವನು ಬದುಕಿದ. ಊರಲ್ಲಿ ನನ್ನನ್ನು ಗಟ್ಟಿ ಗುಂಡಿಗೆಯವ ಅಂದರು. ಅವನ ಅವ್ವ ಇಂದಿಗೂ ಹಬ್ಬಕ್ಕೆ ಹೋಳಿಗೆ ಕಳಿಸುತ್ತಾಳೆ.

ಸಾಹೇಬರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು. "ನೀ ಇಳಿದಾಗ ನಿನ್ನ ಹಿಂದ ಯಾರ ನಿಂತಿದ್ರು?"

ನಾನು ಎಂದೂ ಅದನ್ನು ನೆನಪಿಸಿಕೊಂಡಿರಲಿಲ್ಲ. ಆದರೆ ಚಿತ್ರ ಕಣ್ಣಿಗೆ ಬಂತು. ನನ್ನ ಹೆಂಡತಿಯ ತಮ್ಮ, ಆಗ ಇಪ್ಪತ್ತೂ ತುಂಬಿರಲಿಲ್ಲ, ಬಾವಿಯ ಕಟ್ಟೆಯ ಮೇಲೆ ನಿಂತು ಚಪ್ಪಲಿ ಕಳಚುತ್ತಿದ್ದ. ಒಂದು ಚಪ್ಪಲಿ ಬಿಟ್ಟಿದ್ದ, ಇನ್ನೊಂದು ಕಾಲಲ್ಲೇ ಇತ್ತು. ನನ್ನ ಕೈ ಸಡಿಲಾಗಿದ್ದರೆ ಅವನು ಇಳಿಯುತ್ತಿದ್ದ. ಅವನ ಹಿಂದೆ ಇನ್ನೊಬ್ಬ. ಪೇಪರಿನಲ್ಲಿ ಒಂದೇ ಗುಂಡಿಯಲ್ಲಿ ಮೂವರು, ನಾಲ್ವರು ಸತ್ತ ಸುದ್ದಿ ಓದುತ್ತೇವಲ್ಲ, ಅದು ಹೀಗೇ ಆಗುತ್ತದೆ. ಕೆಲಸಕ್ಕೆ ಇಳಿದವನು ಒಬ್ಬನೇ. ಉಳಿದವರೆಲ್ಲ ಉಳಿಸಲು ಹೋದವರು.

ನನಗೆ ಅಳು ಬಂತು. ಯಾರೂ ಏನೂ ಅನ್ನಲಿಲ್ಲ. ಹಾವೇರಿ ಕಡೆಯ ಒಬ್ಬ ಹಿರಿಯರು ನೀರಿನ ಬಾಟಲಿ ಕೊಟ್ಟರು.

ಸಂಜೆವರೆಗೂ ಅದನ್ನೇ ಮತ್ತೆ ಮತ್ತೆ ಮಾಡಿಸಿದರು. ಚೀಲ ಬೀಳುತ್ತದೆ. ಕಾಲು ಓಡುತ್ತದೆ. ಕಾಲನ್ನು ನಿಲ್ಲಿಸಬೇಕು. ಕೂಗಿ ಹೇಳಬೇಕು, 112ಕ್ಕೆ ಫೋನ್ ಮಾಡಬೇಕು, ಬ್ಲೋವರ್ ಹಚ್ಚಬೇಕು, ಮೇಲಿನಿಂದಲೇ ರಾಟೆ ತಿರುಗಿಸಿ ಎಳೆಯಬೇಕು. ಇಳಿಯಲೇಬೇಕಾದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತ, ಕಲಿತ ಮನುಷ್ಯನೇ ಇಳಿಯಬೇಕು. ಆರನೇ ಸಲಕ್ಕೆ ನನ್ನ ಕಾಲು ನಿಂತಿತು. ಇಳಿಯುವುದಕ್ಕಿಂತ ನಿಲ್ಲುವುದು ಕಷ್ಟ, ಬಹಳ ಕಷ್ಟ.

ಒಂದು ಮಾತು ಮನಸ್ಸಿಗೆ ಬಹಳ ಚುಚ್ಚಿತು. ಆ ನಲವತ್ತು ಮಂದಿಯಲ್ಲಿ ಹೆಲ್ಪರ್ ಹುಡುಗರು ಒಬ್ಬರೂ ಇರಲಿಲ್ಲ. ಬಾವಿಗೆ ಇಳಿ ಅಂತ ಹೇಳಿಸಿಕೊಳ್ಳುವವರು ಅವರೇ. ಸುರಕ್ಷಾ ಸಾಧನವಿಲ್ಲದೆ ಯಾರನ್ನೂ ಚರಂಡಿಗೆ ಇಳಿಸಬಾರದು ಅಂತ 2013ರಲ್ಲೇ ಕಾಯ್ದೆ ಬಂದಿದೆ. ಚರಂಡಿಯಲ್ಲಿ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದುಡ್ಡು ಕೊಡುವ ಮಾತು ಬರುವ ಮುಂಚೆ ಈ ಹುಡುಗರನ್ನು ಒಂದು ದಿನ ಕರೆದು ಕೂರಿಸಿ ಕಲಿಸಬೇಕು. ಮುಂದಿನ ಸಲ ಅವರನ್ನೂ ಕರೆಯಿರಿ ಅಂತ ಹಾಜರಿ ಹಾಳೆಯ ಕೆಳಗೆ ಬರೆದು ಸಹಿ ಮಾಡಿ ಬಂದೆ.

ಮರುದಿನ ಪಂಪ್ ಹೌಸಿನ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಫೋನ್ ನಂಬರುಗಳನ್ನು ಬರೆದೆ. ಬಾವಿಯ ಮುಚ್ಚಳಕ್ಕೆ ಬೀಗ ಹಾಕಿ ಕೀಲಿ ನನ್ನ ಹತ್ತಿರವೇ ಇಟ್ಟುಕೊಂಡೆ. ನಮ್ಮ ಹೆಲ್ಪರ್ ಹುಡುಗ ಚಹಾ ತಂದ. ಅವನನ್ನು ಕೂರಿಸಿಕೊಂಡು ಕೇಳಿದೆ, "ನಾ ಇದರಾಗ ಬಿದ್ರ ಏನ್ ಮಾಡ್ತಿ?"

"ಇಳದ್ ಎತ್ತತೀನ್ರಿ ಕಾಕಾ" ಅಂದ. ಒಂದು ಕ್ಷಣವೂ ಯೋಚಿಸಲಿಲ್ಲ. ಎಂಥ ಚಲೋ ಹುಡುಗ! ಅದಕ್ಕೇ ನನಗೆ ಹೆದರಿಕೆಯಾಯಿತು.

ಈಗ ದಿನಾ ಬೆಳಿಗ್ಗೆ ಚಹಾ ಹೊತ್ತಿಗೆ ಅದೇ ಪ್ರಶ್ನೆ ಕೇಳುತ್ತೇನೆ. ಮೊದಮೊದಲು ತಲೆ ತಗ್ಗಿಸಿ ಸುಮ್ಮನಿರುತ್ತಿದ್ದ. ಕಾಕಾನನ್ನು ಬಿಟ್ಟು ನಿಲ್ಲುತ್ತೇನೆ ಅಂತ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ನಿನ್ನೆ ಹೇಳಿದ.

"ಫೋನ್ ಮಾಡ್ತೀನ್ರಿ. ಬ್ಲೋವರ್ ಹಚ್ತೀನ್ರಿ."

"ಆಮ್ಯಾಲೆ?"

ಬಾವಿಯ ಮುಚ್ಚಳದ ಕಡೆ ನೋಡಿದ. "ಇಲ್ಲೇ ನಿಂದರ್ತೀನ್ರಿ ಕಾಕಾ. ಯಾರನ್ನೂ ಇಳಿಯಾಕ ಬಿಡಂಗಿಲ್ರಿ."