ಓವರ್‌ಡೋಸ್ ಕಾರ್ಡ್: ಕೆಲಸ ಎಲ್ಲಿಗೆ ಬಂತು

ಎರಡನೇ ಕರಡು ಸಿದ್ಧವಾಗಿದೆ. ಆಟೋದಲ್ಲಿ ಕಣ್ಣೆದುರೇ ಅಂಟಿಸುವಷ್ಟು ಚಿಕ್ಕ ಕಾರ್ಡ್. ಅಫೀಮು ಜಾತಿಯ ನೋವಿನ ಮಾತ್ರೆಯೋ ಹೆರಾಯಿನ್ನೋ ಜಾಸ್ತಿಯಾಗಿ ಯಾರಾದರೂ ಬಿದ್ದರೆ ಪಕ್ಕದಲ್ಲಿದ್ದವರು ಏನು ಮಾಡಬೇಕು? ಅದಷ್ಟೇ ಇದರಲ್ಲಿದೆ.

ಮೊದಲ ಕರಡನ್ನು ವಿಶ್ವವಿದ್ಯಾಲಯದ ಗೆಳೆಯರ ಜೊತೆ ಕೂತು ಬರೆದು, ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆಯ ಆಟೋದವರಿಗೆ ತೋರಿಸಿದೆವು. ಹಿರಿಯರೊಬ್ಬರು ಪೂರ್ತಿ ಓದಿ, "ತಮ್ಮಾ, ನಮ್ಮ ಮಂದಿ ಮೊದಲ ಮಜ್ಜಿಗಿ ಕುಡಸ್ತಾರ. ಅದರ ಸುದ್ದಿನೇ ಇಲ್ಲಲ್ಲ ಇದ್ರಾಗ?" ಅಂದರು. ಎಷ್ಟು ಮುಖ್ಯವಾದ ಮಾತು! ಎಚ್ಚರವಿಲ್ಲದವರ ಬಾಯಿಗೆ ಹಾಕಿದ ಮಜ್ಜಿಗೆ, ನಿಂಬೆನೀರು ಉಸಿರಿನ ಕೊಳವೆಗೆ ಇಳಿಯಬಹುದು. ಈಗ ಅದೇ ಮೊದಲ ಸಾಲು: ಬಾಯಿಗೆ ಏನೂ ಹಾಕಬೇಡಿ.

ಆಮೇಲೆ ಗುರುತುಗಳು. ಕರೆದರೂ ಅಲುಗಾಡಿಸಿದರೂ ಏಳುವುದಿಲ್ಲ, ಕಣ್ಣಿನ ಪಾಪೆ ಸೂಜಿಮೊನೆಯಷ್ಟು, ತುಟಿ ನೀಲಿ, ಉಸಿರು ನಿಧಾನ ಅಥವಾ ಗೊರಗೊರ. ಈ ಮದ್ದುಗಳು ಮಿದುಳು ಉಸಿರಾಡಿಸುವುದನ್ನೇ ಕುಗ್ಗಿಸುತ್ತವೆ. ಹಾಗಾಗಿ 108ಕ್ಕೆ ಕರೆ ಮಾಡಿ, ತಲೆ ಹಿಂದಕ್ಕೆ ಬಾಗಿಸಿ, ಮೂಗು ಹಿಡಿದು, 5 ಸೆಕೆಂಡಿಗೊಮ್ಮೆ ಬಾಯಿಯಿಂದ ಉಸಿರು ಕೊಡಬೇಕು. ಉಸಿರು ಸರಿಯಾಗಿದ್ದರೆ ಮಗ್ಗುಲಿಗೆ ಮಲಗಿಸಬೇಕು. ಅಫೀಮು ಮದ್ದಿನ ಪ್ರಭಾವ ತಡೆಯುವ ನಲೊಕ್ಸೋನ್ ಇಂಜೆಕ್ಷನ್ ಕೊಟ್ಟರೆ ಸಾಮಾನ್ಯವಾಗಿ ಕೆಲವೇ ನಿಮಿಷದಲ್ಲಿ ಉಸಿರು ಮರಳುತ್ತದೆ. ಆದರೆ ಅದರ ಪ್ರಭಾವ 30ರಿಂದ 90 ನಿಮಿಷ ಮಾತ್ರ. ಎದ್ದು ಕೂತರೂ ಆಸ್ಪತ್ರೆಗೆ ಒಯ್ಯುವುದನ್ನು ಬಿಡಬಾರದು.

ಊರವರ ಜೊತೆ ಸೇರಿ ಕೆಲಸ ಮಾಡುವ ಈ ದಾರಿ ತೋರಿಸಿದ್ದು ಅಮೆರಿಕದ ಹೀಲಿಂಗ್ ಕಮ್ಯುನಿಟೀಸ್ ಅಧ್ಯಯನ. ನಾಲ್ಕು ರಾಜ್ಯಗಳ 67 ಕಡೆಗಳನ್ನು ಎರಡು ಗುಂಪು ಮಾಡಿ, ಮೊದಲ ಗುಂಪಿನಲ್ಲಿ ಸಂಶೋಧಕರೂ ಊರವರೂ ಸೇರಿ ಓವರ್‌ಡೋಸ್ ಸಾವು ತಡೆಯುವ ಕೆಲಸಗಳನ್ನು ಆರಿಸಿಕೊಂಡರು. ಸಾವು ಶೇ 40ರಷ್ಟು ಇಳಿಯಲಿ ಎಂಬುದು ಗುರಿ. 2024ರಲ್ಲಿ ಫಲಿತಾಂಶ ಬಂತು: ಕೆಲಸ ನಡೆದ ಕಡೆ ಲಕ್ಷ ಜನಕ್ಕೆ 47.2 ಸಾವು, ಉಳಿದ ಕಡೆ 51.7. ಆ ಅಂತರವನ್ನು ಗೆಲುವು ಎನ್ನಲು ಲೆಕ್ಕ ಒಪ್ಪಲಿಲ್ಲ. ನಡುವೆ ಕೋವಿಡ್ ಬಂದಿತ್ತು, ಹೆರಾಯಿನ್‌ಗಿಂತಲೂ ತೀಕ್ಷ್ಣವಾದ ಫೆಂಟನಿಲ್ ಹರಡಿತ್ತು. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಅಂಕಿ. ಸಾವು ಎಣಿಸುವ ವರ್ಷ ಶುರುವಾದಾಗ, ಆರಿಸಿಕೊಂಡ ಕೆಲಸಗಳಲ್ಲಿ ಶೇ 38ರಷ್ಟು ಮಾತ್ರ ಆರಂಭವಾಗಿದ್ದವು! ಅದಕ್ಕೇ ನಾವು ದೊಡ್ಡ ಸಮಿತಿಗೆ ಕಾಯದೆ ಕಾರ್ಡಿನಿಂದ ಶುರು ಮಾಡಿದ್ದೇವೆ.

ಬಾಕಿ ಇರುವುದು: ಉರ್ದು ಪ್ರತಿ, ವೈದ್ಯರಿಂದ ಕೊನೆಯ ಪರಿಶೀಲನೆ, ಹಿಂಬದಿಯಲ್ಲಿ ವ್ಯಸನಮುಕ್ತಿ ಸಹಾಯವಾಣಿ 14446. ಮುದ್ರಣವಾದ ಕೂಡಲೇ ಮೊದಲ ಕಟ್ಟು ಆಟೋ ಸ್ಟ್ಯಾಂಡಿಗೆ, ಎರಡನೆಯದು ಮೆಡಿಕಲ್ ಅಂಗಡಿಗಳಿಗೆ.